ರಾಗದ ಹೆಸರು

(ಸಾಗರದಲ್ಲಿ ಮಿಲ್ಲು ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಸೇರಿ ನಡೆಸುವ ವಾಚನಾಲಯದ ಸಂಜೆಯ ಕೂಟದಲ್ಲಿ ಆಡಿದ ಮಾತು. ಹೊಸನಗರ, ತೀರ್ಥಹಳ್ಳಿಗಳ ಗೆಳೆಯರೂ ಬಂದಿದ್ದರು.)



ಇಂದಿನ ಸಭೆ ಕೂಲಿ ದರದ ಬಗ್ಗೆ ಅಲ್ಲ; ಅಡಿಕೆ ಧಾರಣೆಯ ಬಗ್ಗೆಯೂ ಅಲ್ಲ. ಒಬ್ಬೊಬ್ಬರೂ ತಮಗೆ ಪ್ರಿಯವಾದ ಒಂದು ಶಾಸ್ತ್ರೀಯ ಸಂಗೀತದ ಕೃತಿಯನ್ನೋ, ಒಬ್ಬ ಹಾಡುಗಾರರನ್ನೋ ಹೆಸರಿಸಿ, ಏಕೆ ಪ್ರಿಯವೆಂದು ನಾಲ್ಕು ಮಾತು ಹೇಳಬೇಕೆಂದು ಗೊತ್ತುಮಾಡಿಕೊಂಡು ಸೇರಿದ್ದೇವೆ. ಮೊದಲ ಸರದಿ ನಮ್ಮ ಪಾಲಿಗೆ ಬಂದಿದೆ. ನಾವು ಸಂಗೀತ ಕಲಿತವರಲ್ಲ. ಶಾಲೆಯಲ್ಲಿ ಮೇಷ್ಟರಾಗಿದ್ದವರು, ಈಗ ಸಂಘಟನೆಯ ಕೆಲಸಕ್ಕೆ ಊರೂರು ಅಲೆಯುವವರು. ಕೇಳಿದ್ದನ್ನು ಹೇಳುವುದಷ್ಟೇ ನಮ್ಮ ಅಧಿಕಾರ.

ಈ ಕೂಟಕ್ಕೆ ಒಂದು ಸಣ್ಣ ಧ್ವನಿವರ್ಧಕ ಕೊಳ್ಳಬೇಕೆಂಬ ಸೂಚನೆ ಬಂದಾಗ ಎರಡು ಅಭಿಪ್ರಾಯ ಬಂದುದು ನಿಮಗೆ ಗೊತ್ತಿದೆ. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಗೆಳೆಯರೊಬ್ಬರು, "ಮೇಷ್ಟ್ರೇ, ಈ ದೊಡ್ಡ ಸಂಗೀತ ನಮಗೆ ಹೇಳಿಸಿದ್ದಲ್ಲ. ಆ ದುಡ್ಡಿಗೆ ಎರಡು ಬೆಂಚು ಮಾಡಿಸಿ, ಕೂತುಕೊಳ್ಳಲಿಕ್ಕಾದರೂ ಆದೀತು" ಎಂದರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಆ ಮಾತು ಮನೆಯವರೆಗೂ ನಮ್ಮ ಹಿಂದೆ ಬಂತು. "ನಮಗೆ ಹೇಳಿಸಿದ್ದಲ್ಲ" ಎಂದು ಅವರಿಗೆ ಹೇಳಿಕೊಟ್ಟವರು ಯಾರು? ಅದಕ್ಕೆ ಉತ್ತರ ಹುಡುಕಲು ನಮ್ಮ ಬಾಲ್ಯದ ಒಂದು ಸಂಗತಿಯನ್ನು ಹೇಳಬೇಕಾಗಿದೆ.

ನಮಗೆ ಆಗ ಒಂಬತ್ತೋ ಹತ್ತೋ ವರ್ಷ. ತೀರ್ಥಹಳ್ಳಿ ಸೀಮೆಯ ಒಂದು ದೊಡ್ಡ ಮನೆಯ ಮದುವೆಗೆ ಚಪ್ಪರ ಹಾಕಲು ನಮ್ಮ ತಂದೆಯವರು ಹೋಗಿದ್ದರು, ಜೊತೆಗೆ ನಾವೂ. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಪಿಟೀಲು ಕಛೇರಿ. ಚಪ್ಪರ ಹಾಕಿದವರಿಗೆ ಚಪ್ಪರದೊಳಗೆ ಜಾಗವಿರಲಿಲ್ಲ. ಅಡಿಗೆಯ ಕೊಟ್ಟಿಗೆಯ ಹಿಂದೆ, ಅಡಿಕೆ ಹರವುವ ಅಂಗಳದಂಚಿನಲ್ಲಿ ಕೂತು ಕೇಳಿದೆವು. ಒಂದು ರಾಗ ಬಂತು. ಕತ್ತಲಲ್ಲಿ ಯಾರೋ ಮೆಟ್ಟಿಲ ಮೇಲೆ ಮೆಟ್ಟಿಲಿಟ್ಟು ಬೆಳಕಿನ ಕಡೆಗೆ ಏರಿಸಿದ ಹಾಗಿತ್ತು. ತಂದೆಯವರು ಬೀಡಿ ಆರಿದ್ದನ್ನೂ ಮರೆತು ಕೂತಿದ್ದರು. "ಅಪ್ಪಾ, ಇದಕ್ಕೇನು ಹೆಸರು?" ಎಂದೆವು. "ಒಳಗಿದ್ದವರಿಗೆ ಗೊತ್ತಿರುತ್ತೆ ಮಗಾ" ಎಂದರು.

ಹದಿನೈದು ವರ್ಷವಾದ ಮೇಲೆ, ಶಾಲೆಯ ಕೊಠಡಿಯಲ್ಲಿ ಒಂದು ಸಂಜೆ ಭದ್ರಾವತಿ ಆಕಾಶವಾಣಿ ಹಾಕಿಕೊಂಡು ಮಕ್ಕಳ ಪುಸ್ತಕ ತಿದ್ದುತ್ತಿದ್ದಾಗ ಅದೇ ರಾಗ ಬಂತು. ಮುಗಿದ ಮೇಲೆ ಉದ್ಘೋಷಕರು ಹೇಳಿದರು: ಕಲ್ಯಾಣಿ. ಅಷ್ಟು ಹೊತ್ತಿಗೆ ತಂದೆಯವರು ತೀರಿಕೊಂಡಿದ್ದರು. ಅವರಿಗೆ ಆ ರಾಗ ಸಿಕ್ಕಿತ್ತು, ಹೆಸರು ಸಿಗಲಿಲ್ಲ.

ಗೆಳೆಯರೇ, ನಾವು ಈ ಸಂಜೆ ಹೇಳಬೇಕೆಂದಿರುವುದು ಇಷ್ಟೇ. ಸಂಗೀತ ನಮ್ಮ ಜನರ ಕಿವಿಯಲ್ಲಿ ಇಲ್ಲದೆ ಇಲ್ಲ. ಅದರ ಹೆಸರು ಮಾತ್ರ ಒಳಗಿದ್ದವರ ಕೈಯಲ್ಲಿ ಉಳಿದಿದೆ. ಹೆಸರು ಗೊತ್ತಿಲ್ಲದವನು ಮತ್ತೊಮ್ಮೆ ಕೇಳಬೇಕೆಂದರೆ ಏನೆಂದು ಕೇಳಿಯಾನು? ಹೆಸರಿಲ್ಲದ ಜಮೀನಿಗೆ ಪಹಣಿ ಸಿಗದ ಹಾಗೆ, ಹೆಸರಿಲ್ಲದ ಸಂತೋಷವೂ ನಮ್ಮದೆಂದು ಹೇಳಿಕೊಳ್ಳಲು ಬರುವುದಿಲ್ಲ.

ಕಿವಿಯಲ್ಲಿ ಇದೆಯೆಂದು ಏಕೆ ಹೇಳುತ್ತೇವೆಂದರೆ, ನಮ್ಮ ಮೂರು ತಾಲ್ಲೂಕುಗಳಲ್ಲಿ ರಾತ್ರಿಯೆಲ್ಲ ಯಕ್ಷಗಾನ ನೋಡಿದವರು ಎಷ್ಟು ಮಂದಿ! ಭಾಗವತರು ಶೋಕಕ್ಕೆ ಹಿಡಿಯುವ ರಾಗವನ್ನು ಯುದ್ಧಕ್ಕೆ ಹಿಡಿದರೆ ಹಿಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕೂತವನೂ ತಲೆ ಅಲ್ಲಾಡಿಸಿ "ಸರಿಯಾಗಲಿಲ್ಲ" ಎನ್ನುತ್ತಾನೆ. ಇದು ಪಾಂಡಿತ್ಯವಲ್ಲದೆ ಮತ್ತೇನು? ಮೋಹನ, ಭೈರವಿ, ಮಧ್ಯಮಾವತಿಗಳನ್ನು ಅವನು ಬಲ್ಲ. ಅವು ತನ್ನ ಪರಿಚಯದವರೆಂದು ಅವನಿಗೆ ಯಾರೂ ತಿಳಿಸಿಲ್ಲ.

ಪಕ್ಕದ ಕೆಳದಿಯನ್ನೇ ನೋಡಿ. 1697ರಿಂದ 1714ರವರೆಗೆ ಆಳಿದ ಬಸಪ್ಪನಾಯಕನು 'ಶಿವತತ್ತ್ವರತ್ನಾಕರ' ಎಂಬ ದೊಡ್ಡ ಗ್ರಂಥವನ್ನು ರಚಿಸಿದನು. ಅದರಲ್ಲಿ ಸಂಗೀತ, ವಾದ್ಯ, ನೃತ್ಯಗಳ ವಿಚಾರವೂ ಇದೆ. ನಮ್ಮ ನೆಲದ ಹೆಮ್ಮೆಯ ಕೃತಿ, ಸಂಶಯವಿಲ್ಲ. ಆದರೆ ಬರೆದದ್ದು ಸಂಸ್ಕೃತದಲ್ಲಿ. ಅರಮನೆಯ ಹೊರಗೆ ಡೋಲು ಬಡಿಯುತ್ತಿದ್ದವನಿಗೆ ಅದರಿಂದ ಒಂದು ಹೆಸರೂ ದಕ್ಕಿರಲಾರದು.

ಈಗ ನಮ್ಮ ಪ್ರಿಯರ ಪಟ್ಟಿಗೆ ಬರೋಣ. ಮೊದಲನೆಯವರು ಪುರಂದರದಾಸರು. ಅವರು ಹುಟ್ಟಿದ್ದು ಪುಣೆಯ ಕಡೆಯ ಪುರಂದರಗಡದಲ್ಲೆಂದು ಬಹುಕಾಲದ ಹೇಳಿಕೆ. ಅಲ್ಲ, ತೀರ್ಥಹಳ್ಳಿ ತಾಲ್ಲೂಕಿನ ಆರಗದ ಸೀಮೆಯಲ್ಲೆಂದು ವಾದಿಸುವ ವಿದ್ವಾಂಸರಿದ್ದಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನೇಮಿಸಿದ ತಜ್ಞರ ಸಮಿತಿಯೂ ಮಲೆನಾಡಿನ ಕಡೆಗೇ ಒಲಿಯಿತು. ಆರಗವೆಂದರೆ 1923ರಲ್ಲಿ ಶಾಂತವೇರಿ ಗೋಪಾಲಗೌಡರು ಹುಟ್ಟಿದ ಊರು; ಆದ್ದರಿಂದ ನಮಗೆ ಈ ವಾದದಲ್ಲಿ ಸ್ವಲ್ಪ ಪಕ್ಷಪಾತವಿದೆ, ಕ್ಷಮಿಸಬೇಕು.

ಇಲ್ಲಿರುವ ವ್ಯಾಪಾರಿಗಳಿಗೆ ಒಂದು ಮಾತು. ಐತಿಹ್ಯದ ಪ್ರಕಾರ ದಾಸರು ಮೊದಲು ನಿಮ್ಮವರೇ, ಗಿರವಿ ಅಂಗಡಿಯ ಶ್ರೀನಿವಾಸನಾಯಕರು. ಕೈ ಬಿಗಿಯೆಂದು ಹೆಸರಾದವರು. ಹೆಂಡತಿಯ ಮೂಗುತಿಯ ಪ್ರಸಂಗದಿಂದ ಕಣ್ಣು ತೆರೆದು, ಇದ್ದುದೆಲ್ಲವನ್ನೂ ದಾನಮಾಡಿ, ತಂಬೂರಿ ಹಿಡಿದು ಬೀದಿಗಿಳಿದರು. 1564ರಲ್ಲಿ ತೀರಿಕೊಳ್ಳುವವರೆಗೂ ಹಾಡಿದರು. ಇದು ಭಕ್ತಿಯ ಕತೆ. ನಮಗೆ ಅದಕ್ಕಿಂತ ಹಿರಿದಾಗಿ ಕಾಣುವುದು ಅವರ ಮೇಷ್ಟರ ಬುದ್ಧಿ. ಸಂಗೀತವನ್ನು ಮೊದಲಿಂದ ಕಲಿಯುವ ಮಗುವಿಗೆ ಒಂದು ಕ್ರಮ ಹಾಕಿಕೊಟ್ಟವರು ಅವರೆಂದು ಪರಂಪರೆ ಹೇಳುತ್ತದೆ: ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟಿ ವರಸೆಗಳು, ಅಲಂಕಾರಗಳು, ಆಮೇಲೆ ಮಲಹರಿ ರಾಗದ ಸಣ್ಣ ಗೀತೆಗಳು. ಇಂದಿಗೂ ಕರ್ನಾಟಕ ಸಂಗೀತದ ಮಕ್ಕಳು ಈ ಬಾಗಿಲಿನಿಂದಲೇ ಒಳಗೆ ಹೋಗುತ್ತಾರೆ. ಕಾಗುಣಿತ ಕಲಿಸಿದ ನಮ್ಮಂಥವರಿಗೆ ಇದರ ಬೆಲೆ ಗೊತ್ತು. ಹಿರಿಯ ವಿದ್ವಾಂಸನೊಬ್ಬ ಅ ಆ ಇ ಈ ಬರೆದುಕೊಡಲು ಕೂಡುವುದು ಸಣ್ಣ ಸಂಗತಿಯಲ್ಲ.

ಆದರೂ ದಾಸರ ಪದಗಳು ಬಹುಕಾಲ ಭಜನೆಯಲ್ಲಿ ಉಳಿದು, ಕಛೇರಿಯ ಮಧ್ಯಭಾಗದಲ್ಲಿ ತೆಲುಗು, ಸಂಸ್ಕೃತ ಕೃತಿಗಳೇ ಮೆರೆದವು. ಕನ್ನಡದ ದೇವರನಾಮಕ್ಕೆ ಕಛೇರಿಯಲ್ಲಿ ಮರ್ಯಾದೆಯ ಸ್ಥಾನ ದೊರಕಿಸಿದವರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರು (1866-1931) ಮುಖ್ಯರು. ಬಡತನದಲ್ಲಿ ಬೆಳೆದವರು. ಪಿಟೀಲು ಚೌಡಯ್ಯನವರು ಅವರ ಶಿಷ್ಯರು. ಹಾಗೆಂದ ಮಾತ್ರಕ್ಕೆ ತ್ಯಾಗರಾಜರನ್ನು (1767-1847) ಬಿಡಿ ಎನ್ನುವುದಿಲ್ಲ. ತಂಜಾವೂರಿನ ಅರಸನ ಕರೆಯನ್ನು ಒಲ್ಲೆನೆಂದು, ಬೀದಿಯಲ್ಲಿ ಹಾಡುತ್ತ ಉಂಛವೃತ್ತಿಯ ಅಕ್ಕಿಯಿಂದ ಜೀವಿಸಿದ ಮನುಷ್ಯ. ಶ್ರೀರಾಗದಲ್ಲಿ ಅವರದೊಂದು ಪಂಚರತ್ನ ಕೃತಿಯಿದೆ. ಲೋಕದಲ್ಲಿರುವ ಮಹನೀಯರಿಗೆಲ್ಲ ಅದರಲ್ಲಿ ನಮಸ್ಕಾರ ಹೇಳುತ್ತಾರೆ. ಭಾಷೆ ತಿಳಿಯದಿದ್ದರೂ ಆ ನಮಸ್ಕಾರ ನಮಗೆ ತಲುಪುತ್ತದೆ.

ಇನ್ನು ಉತ್ತರದ ಕಡೆಗೆ. 1956ಕ್ಕೆ ಮುಂಚೆ ಸಾಗರ ಮೈಸೂರು ಸಂಸ್ಥಾನದ ಅಂಚು. ಸಿದ್ದಾಪುರ, ಶಿರಸಿಗಳು ಮುಂಬಯಿಗೆ ಸೇರಿದ್ದವು. ಗಡಿಯ ಈಚೆ ಮೈಸೂರಿನ ವೀಣೆ, ಆಚೆ ಧಾರವಾಡದ ಖಯಾಲು. ರೇಡಿಯೋ ಅಲೆಗೆ ಗಡಿಯಿಲ್ಲ. 1950ರಲ್ಲಿ ಧಾರವಾಡದ, 1965ರಲ್ಲಿ ಭದ್ರಾವತಿಯ ನಿಲಯಗಳು ಆರಂಭವಾದ ಮೇಲೆ ನಮ್ಮ ಸೀಮೆಯ ಮನೆಗಳಿಗೆ ಎರಡು ಬಗೆಯ ಸಂಗೀತವೂ ಬಂದವು. ನಮ್ಮ ಕಲ್ಯಾಣಿಗೆ ಅವರು ಯಮನ್ ಎನ್ನುತ್ತಾರೆ, ಮೋಹನಕ್ಕೆ ಭೂಪ, ಹಿಂದೋಳಕ್ಕೆ ಮಾಲಕೌಂಸ. ನಡಿಗೆ ಬೇರೆ, ಮನೆತನ ಒಂದೇ.

ಅಲ್ಲಿ ನಮ್ಮ ಮೊದಲ ಪ್ರಿಯರು ಗಂಗೂಬಾಯಿ ಹಾನಗಲ್ (1913-2009). ಮೇಲ್ಜಾತಿಯವರ ಬೀದಿಯಲ್ಲಿ ನಡೆದರೆ ಹೀಯಾಳಿಕೆ ಕೇಳಬೇಕಾಗಿದ್ದ ಮನೆತನದ ಹೆಣ್ಣುಮಗಳು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಗಂಟಲಿನ ಚಿಕಿತ್ಸೆಯ ನಂತರ ಧ್ವನಿ ಗಂಡಸಿನ ಹಾಗೆ ದಪ್ಪವಾಯಿತು. ಬೇರೆಯವರಾಗಿದ್ದರೆ ಹಾಡು ಬಿಡುತ್ತಿದ್ದರು, ಅವರು ಆ ಧ್ವನಿಯನ್ನೇ ಕಟ್ಟಿ ನಿಲ್ಲಿಸಿದರು. ಅವರ ಪೂರಿಯಾ ಧನಾಶ್ರೀಯನ್ನು ಸಂಜೆ ಗಿರಣಿ ಬಿಟ್ಟ ಹೊತ್ತಿನಲ್ಲಿ ಕೇಳಬೇಕು. ಆ ಸ್ವರಗಳಲ್ಲಿ ಆಯಾಸವಿದೆ, ದೈನ್ಯವಿಲ್ಲ.

ಎರಡನೆಯವರು ಮಲ್ಲಿಕಾರ್ಜುನ ಮನಸೂರ (1910-1992). ಧಾರವಾಡದ ಹಳ್ಳಿಯ ಲಿಂಗಾಯತರ ಹುಡುಗನಿಗೆ ಜೈಪುರ ಅತ್ರೌಲಿ ಘರಾಣೆಯ ವಿದ್ಯೆ ಕೊಟ್ಟವರು ಮಂಜಿಖಾನರು, ಬುರ್ಜಿಖಾನರು. ಅವರ ಬಾಯಲ್ಲಿ ಶರಣರ ವಚನವೂ ಉಸ್ತಾದರ ಖಯಾಲೂ ಒಂದೇ ಉಸಿರಿನಿಂದ ಹೊರಟವು. ಜಾತಿ ಧರ್ಮಗಳ ಐಕ್ಯದ ಬಗ್ಗೆ ನಾವು ವೇದಿಕೆಯಲ್ಲಿ ಗಂಟೆಗಟ್ಟಲೆ ಹೇಳುವುದನ್ನು ಅವರು ಒಂದು ಆಲಾಪದಲ್ಲಿ ಮಾಡಿ ತೋರಿಸಿದರು.

ಮೂರನೆಯವರು ಭೀಮಸೇನ ಜೋಷಿ (1922-2011). ಗದಗಿನ ಹುಡುಗ ಶಾಲೆಯಿಂದ ಬರುವಾಗ ಅಂಗಡಿಯೊಂದರ ಮುಂದೆ ನಿಂತು ಗ್ರಾಮಫೋನು ಕೇಳುತ್ತಿದ್ದನು. ಅಬ್ದುಲ್ ಕರೀಂಖಾನರು ಹಾಡಿದ ಝಿಂಝೋಟಿ ರಾಗದ ಠುಮರಿ ಅವನನ್ನು ಹಿಡಿದುಕೊಂಡಿತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿಹೋದನು. ಅಂಗಡಿಯವರೇ, ಯೋಚಿಸಿ ನೋಡಿ: ಗಿರಾಕಿಗಳು ಬರಲೆಂದು ಹಾಕಿದ ತಟ್ಟೆ ಅದು. ಆ ಹುಡುಗ ಏನನ್ನೂ ಕೊಳ್ಳಲಿಲ್ಲ. ಆದರೆ ಆ ದಿನದ ವ್ಯಾಪಾರದಲ್ಲಿ ನಾಡಿಗೆ ಬಂದ ಲಾಭವನ್ನು ಯಾವ ಖಾತೆಯಲ್ಲಿ ಬರೆಯುವುದು?

ಕೊನೆಗೆ ದೂರದವರೊಬ್ಬರು. ಆಸ್ಟ್ರಿಯಾದ ಜೋಸೆಫ್ ಹೈಡನ್ (1732-1809) ಹಂಗೇರಿಯ ಎಸ್ಟರ್‌ಹಾಜಿ ಎಂಬ ರಾಜಕುಮಾರನ ಬಳಿ ಸಂಬಳಕ್ಕಿದ್ದು, ಆಳಿನ ಸಮವಸ್ತ್ರ ತೊಟ್ಟು ಸಂಗೀತ ರಚಿಸುತ್ತಿದ್ದವರು. 1772ರಲ್ಲಿ ಧಣಿ ತನ್ನ ಬೇಸಿಗೆಯ ಅರಮನೆಯಲ್ಲಿ ಗೊತ್ತಾದ ಅವಧಿ ಮೀರಿ ನಿಂತುಬಿಟ್ಟನು. ವಾದ್ಯಗಾರರ ಹೆಂಡತಿ ಮಕ್ಕಳು ದೂರದ ಊರಿನಲ್ಲಿ. ಬಾಯಿಬಿಟ್ಟು ಕೇಳುವ ಹಾಗಿಲ್ಲ. ಹೈಡನ್ ಒಂದು ಸಿಂಫನಿ ಬರೆದರು, ಅವರ ನಲವತ್ತೈದನೆಯದು. ಅದರ ಕೊನೆಯಲ್ಲಿ ಒಬ್ಬೊಬ್ಬ ವಾದ್ಯಗಾರನೂ ತನ್ನ ಪಾಲನ್ನು ಮುಗಿಸಿ, ಎದುರಿನ ಮೇಣದ ಬತ್ತಿ ಆರಿಸಿ, ಎದ್ದು ಹೋಗುತ್ತಾನೆ. ಕಟ್ಟಕಡೆಗೆ ಎರಡು ಪಿಟೀಲುಗಳು ಮೆಲ್ಲಗೆ ನುಡಿದು ನಿಲ್ಲುತ್ತವೆ. ಧಣಿಗೆ ಅರ್ಥವಾಯಿತು, ಮರುದಿನವೇ ಎಲ್ಲರೂ ಊರಿಗೆ ಹೊರಟರೆಂದು ಕತೆ. ಮುಷ್ಕರಗಳ ಚರಿತ್ರೆಯಲ್ಲಿ ಇಷ್ಟು ಶ್ರುತಿಬದ್ಧವಾದದ್ದು ಮತ್ತೊಂದಿರಲಾರದು! ಗೆಳೆಯರೊಬ್ಬರು ಮೊಬೈಲಿನಲ್ಲಿ ಇದನ್ನು ಕೇಳಿಸಿ ಕತೆ ಹೇಳಿದರು. ಕತೆ ತಿಳಿಯುವವರೆಗೆ ಅದು ನಮಗೆ ಬರಿಯ ಶಬ್ದ; ತಿಳಿದ ಮೇಲೆ ನಮ್ಮದೇ ಹಾಡು. ಹೆಸರು ಹೇಳುವುದರ ಶಕ್ತಿ ಇದು.

ಒಂದು ಎಚ್ಚರಿಕೆಯೂ ಬೇಕು. 1952ರಲ್ಲಿ ಕೇಂದ್ರದ ಮಂತ್ರಿ ಕೇಸ್ಕರರು ಶಾಸ್ತ್ರೀಯ ಸಂಗೀತ ಬೆಳೆಯಲೆಂದು ಆಕಾಶವಾಣಿಯಿಂದ ಸಿನಿಮಾ ಹಾಡುಗಳನ್ನು ಹೊರಗಟ್ಟಿದರು. ಜನ ಶಾಸ್ತ್ರೀಯದ ಕಡೆಗೆ ತಿರುಗಲಿಲ್ಲ, ರೇಡಿಯೋ ಸಿಲೋನಿನ ಕಡೆಗೆ ತಿರುಗಿದರು. 1957ರಲ್ಲಿ ವಿವಿಧ ಭಾರತಿಯನ್ನು ತೆರೆಯಬೇಕಾಯಿತು. ಸಂಗೀತವನ್ನು ಹೇರಲು ಬರುವುದಿಲ್ಲ, ಬಡಿಸಲು ಬರುತ್ತದೆ. ಆದ್ದರಿಂದ ಈ ಕೂಟದಲ್ಲಿ ಸಿನಿಮಾ ಹಾಡನ್ನು ಮೆಚ್ಚುವವರನ್ನು ಯಾರೂ ಕೀಳಾಗಿ ಕಾಣಬಾರದು. ಅ.ನ.ಕೃ. ಅವರ 'ಸಂಧ್ಯಾರಾಗ' 1966ರಲ್ಲಿ ಚಿತ್ರವಾದಾಗ ಭೀಮಸೇನ ಜೋಷಿಯವರೇ ಅದಕ್ಕೆ ಹಾಡಿದರು. ಬಾಗಿಲು ಯಾವುದಾದರೇನು, ಒಳಗೆ ಬಂದರೆ ಸರಿ.

ಈಗ ಬೆಂಚಿನ ಪ್ರಶ್ನೆ. ಬೆಂಚು ಕೇಳಿದ ಗೆಳೆಯರ ಮೇಲೆ ನಮಗೆ ಸಿಟ್ಟಿಲ್ಲ. ಇಡೀ ದಿನ ಮೂಟೆ ಹೊತ್ತ ಬೆನ್ನಿಗೆ ಬೆಂಚು ಬೇಕು. ಕೂರಲು ಬಿಡುವಿಲ್ಲದವನಿಗೆ ರಾಗದ ವಿಸ್ತಾರ ಹೇಗೆ ಸಿಕ್ಕೀತು? ಎಂಟು ಗಂಟೆಯ ಕೆಲಸ, ವಾರದ ರಜೆ ಎಂದು ನಾವು ಹೋರಾಡುವುದು ಉಳಿದ ಹೊತ್ತು ಬರಿದಾಗಿರಲೆಂದಲ್ಲ, ಆ ಹೊತ್ತಿನಲ್ಲಿ ಮನುಷ್ಯ ಮನುಷ್ಯನಾಗಿರಲೆಂದು. ಆದಕಾರಣ ನಮ್ಮ ಸೂಚನೆ ಹೀಗಿದೆ: ಈ ತಿಂಗಳು ಬೆಂಚು, ಮುಂದಿನ ತಿಂಗಳು ಧ್ವನಿವರ್ಧಕ. ತಿಂಗಳಿಗೊಂದು ಸಂಜೆ, ಒಂದೇ ಗಂಟೆ. ಸರದಿಯವರು ಒಂದು ಕೃತಿ ತರಬೇಕು. ಹಾಡಿದವರ, ರಚಿಸಿದವರ, ರಾಗದ ಹೆಸರು ಹೇಳಬೇಕು. ತಮಗೇಕೆ ಪ್ರಿಯವೆಂದು ಹೇಳಿ ಸುಮ್ಮನೆ ಕೂರಬೇಕು. ಹೊಸನಗರ, ತೀರ್ಥಹಳ್ಳಿಗಳಲ್ಲಿಯೂ ಇದನ್ನು ನಡೆಸಲು ಅಲ್ಲಿಂದ ಬಂದವರು ಮನಸ್ಸು ಮಾಡಬೇಕು.

ವ್ಯಾಪಾರಿಗಳಲ್ಲಿ ಇನ್ನೊಂದು ಬೇಡಿಕೆ. ಬೆಳಿಗ್ಗೆ ಅಂಗಡಿ ತೆರೆದು ದೀಪ ಹಚ್ಚಿ, ಲಕ್ಷ್ಮಿಯನ್ನು ಕರೆಯುವ ದಾಸರ ಪದವನ್ನು ಭೀಮಸೇನರ ಧ್ವನಿಯಲ್ಲಿ ಹಾಕುತ್ತೀರಿ. ನಿಮ್ಮ ಬಾಗಿಲಲ್ಲಿ ಕರಿಹಲಗೆಯಿದೆ, ಅದರ ಮೇಲೆ ಧಾರಣೆ ಬರೆಯುತ್ತೀರಿ. ಅದರ ಕೆಳಗೆ, ಸೀಮೆಸುಣ್ಣದಲ್ಲಿ, ಆ ಹೊತ್ತು ಅಂಗಡಿಯಲ್ಲಿ ಕೇಳುತ್ತಿರುವ ಹಾಡಿನ ರಾಗದ ಹೆಸರನ್ನೂ ಬರೆಯಿರಿ. ಖರ್ಚು ಕಾಲಾಣೆಯೂ ಇಲ್ಲ. ಬೀದಿಯಲ್ಲಿ ಅಪ್ಪನ ಕೈ ಹಿಡಿದು ಹೋಗುವ ಹುಡುಗನೊಬ್ಬ ನಿಂತು "ಇದಕ್ಕೇನು ಹೆಸರು?" ಎಂದು ಕೇಳಿದರೆ, ಆ ಅಪ್ಪ ಹಲಗೆ ನೋಡಿ ಹೇಳಲಿ.