ಟ್ರ್ಯಾಕ್ಟರಿನ ಚಾರ್ಜಿಂಗ್ ಸಾಕೆಟ್ಟನ್ನು ಪರೀಕ್ಷಿಸುವ ಬಗೆ
(ಮಂಠಾಳದಲ್ಲಿ ರೈತರ ಮುಂದೆ ಮಾಡಿದ ಭಾಷಣ)



ಎತ್ತಿನ ಮೈದಡವಿ, ಗೊರಸು ನೋಡಿ ಬಂಡಿ ಹೂಡುವುದು ನಮ್ಮ ಹಿರಿಯರ ರೂಢಿ. ಇಂದು ನಮ್ಮ ಹೊಲಗಳಲ್ಲಿ ಟ್ರ್ಯಾಕ್ಟರು ದುಡಿಯುತ್ತಿದೆ. ಅದನ್ನೂ ಅಷ್ಟೇ ಅಕ್ಕರೆಯಿಂದ ನೋಡಿಕೊಳ್ಳಬೇಕು. ಮೊಬೈಲು ಚಾರ್ಜ್ ಮಾಡಲು, ಗಾಳಿ ತುಂಬುವ ಸಣ್ಣ ಪಂಪು ನಡೆಸಲು ಅದರಲ್ಲಿರುವ ಸಾಕೆಟ್ಟಿನ ಬಗ್ಗೆ ಇಂದು ಎರಡು ಮಾತು ಹೇಳುತ್ತೇನೆ.

ಈ ಸಾಕೆಟ್ಟಿಗೆ ಬರುವುದು ಬ್ಯಾಟರಿಯ 12 ವೋಲ್ಟ್. ಮುಟ್ಟಿದರೆ ಶಾಕ್ ಹೊಡೆಯದು, ನಿಜ. ಆದರೆ ತಂತಿಗಳು ಒಂದಕ್ಕೊಂದು ತಗುಲಿದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತವೆ. ಅದನ್ನು ತಡೆಯುವ ಕಾವಲುಗಾರ ಫ್ಯೂಸ್. ಫ್ಯೂಸ್ ಹೋಯಿತೆಂದು ಕೆಲವರು ಅಲ್ಲಿ ತಂತಿ ಸುತ್ತುತ್ತಾರೆ. ಇದು ಕಾವಲುಗಾರನನ್ನು ಓಡಿಸಿ ಕಳ್ಳನಿಗೆ ಬಾಗಿಲು ತೆರೆದಂತೆ. ಪಕ್ಕದಲ್ಲೇ ಕಣಿಕೆಯ ಬಣವೆ ಇದ್ದರೆ ಏನಾದೀತು, ನೀವೇ ಯೋಚಿಸಿರಿ.

ಸಾಕೆಟ್ ಕೆಲಸ ಮಾಡದಿದ್ದರೆ ಹೀಗೆ ಪರೀಕ್ಷಿಸಿರಿ:

1. ಕೀಲಿ ತೆಗೆದು, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿರಿ. ಸಾಕೆಟ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿರಿ. ಇದು ಮೊದಲು ಬಂದದ್ದು ಸಿಗರೇಟು ಹೊತ್ತಿಸಲು; ಆದ್ದರಿಂದ ಬಾಯಿ ಅಗಲ. ನಾಣ್ಯ, ಮೊಳೆ ಬಿದ್ದಿದ್ದರೆ ತೆಗೆಯಿರಿ. ಧೂಳು, ಕಿಲುಬು ಒರೆಸಿರಿ.

2. ಫ್ಯೂಸ್ ತೆಗೆದು ನೋಡಿರಿ. ಒಳಪಟ್ಟಿ ಕಡಿದಿದ್ದರೆ ಅದೇ ಅಂಕಿಯ ಹೊಸದನ್ನು ಹಾಕಿರಿ. 10 ಆಂಪಿಯರಿನ ಜಾಗಕ್ಕೆ 20ರದು ಬೇಡ.

3. ಬ್ಯಾಟರಿ ತಂತಿ ಜೋಡಿಸಿ, ಕೀಲಿ ತಿರುಗಿಸಿರಿ. ಮನೆಯ ಕರೆಂಟಿನ ಟೆಸ್ಟರ್ 12 ವೋಲ್ಟಿಗೆ ಉರಿಯದು, ಅದನ್ನು ನಂಬಬೇಡಿರಿ. ಇಂಡಿಕೇಟರಿನ 12 ವೋಲ್ಟ್ ಬಲ್ಬಿಗೆ ಎರಡು ತಂತಿ ಕಟ್ಟಿ, ಒಂದನ್ನು ಸಾಕೆಟ್ಟಿನ ನಡುವಿನ ಗುಂಡಿಗೆ, ಇನ್ನೊಂದನ್ನು ಒಳಗೋಡೆಗೆ ತಾಗಿಸಿರಿ. ಒಂದೇ ತಂತಿ ಎರಡಕ್ಕೂ ತಗುಲದಿರಲಿ.

ಬಲ್ಬು ಚೆನ್ನಾಗಿ ಬೆಳಗಿದರೆ ಸಾಕೆಟ್ ಸರಿ, ಚಾರ್ಜರನ್ನು ನೋಡಿರಿ. ಅದೇ ಬಲ್ಬು ಬ್ಯಾಟರಿಗೆ ಹಿಡಿದಾಗ ಪ್ರಖರವಾಗಿದ್ದು ಇಲ್ಲಿ ಮಂಕಾದರೆ, ಎಲ್ಲೋ ಜೋಡಣೆ ಸಡಿಲ ಅಥವಾ ಕಿಲುಬು. ಉರಿಯದಿದ್ದರೆ, ಒಳಗೋಡೆಯ ತಂತಿಯನ್ನು ಟ್ರ್ಯಾಕ್ಟರಿನ ಬಣ್ಣವಿಲ್ಲದ ಕಬ್ಬಿಣಕ್ಕೆ ತಾಗಿಸಿರಿ. ಆಗ ಉರಿದರೆ ಸಾಕೆಟ್ಟಿನ ಮೈನಸ್ ತಂತಿ ಕಡಿದಿದೆಯೆಂದು ತಿಳಿಯಿರಿ.

ಚಾರ್ಜರ್ ಸಿಕ್ಕಿಸಿದಾಗ ಮಾತ್ರ ಫ್ಯೂಸ್ ಹೋದರೆ ತಪ್ಪು ಚಾರ್ಜರಿನದು. ಏನೂ ಸಿಕ್ಕಿಸದೆಯೇ ಹೊಸ ಫ್ಯೂಸೂ ಹೋದರೆ, ಇನ್ನೊಂದನ್ನು ಹಾಕಬೇಡಿರಿ. ತಂತಿಯ ಹೊದಿಕೆ ಸವೆದು ಕಬ್ಬಿಣಕ್ಕೆ ತಗುಲಿರಬಹುದು. ಮಿಸ್ತ್ರಿಯನ್ನು ಕರೆಯಿಸಿರಿ.

ಫ್ಯೂಸಿನ ಬೆಲೆ ಕೆಲವೇ ರೂಪಾಯಿ. ಬಣವೆ ಸುಟ್ಟರೆ ದನಗಳ ವರ್ಷದ ಮೇವೇ ಹೋಯಿತು. ಇಂದೇ ಮನೆಗೆ ಹೋಗಿ ನಿಮ್ಮ ಟ್ರ್ಯಾಕ್ಟರಿನ ಫ್ಯೂಸ್ ಪೆಟ್ಟಿಗೆ ತೆರೆದು ನೋಡಿರಿ. ಅಲ್ಲಿ ತಂತಿ ಸುತ್ತಿದ್ದರೆ ಮೊದಲು ಅದನ್ನು ಕಿತ್ತು ಹಾಕಿರಿ.