ಮ್ಯಾಫಿಕ್: ಒಂದು ಸಂಭ್ರಮದ ಪದ

ಇಂಗ್ಲಿಷಿನಲ್ಲಿ ‘ಮ್ಯಾಫಿಕ್’ ಎಂಬ ಕ್ರಿಯಾಪದವೊಂದುಂಟು. ಬೀದಿಗಿಳಿದು, ಮೈಮರೆತು, ಗದ್ದಲವೆಬ್ಬಿಸಿ ಸಂಭ್ರಮಿಸುವುದು ಎಂದು ಅದರ ಅರ್ಥ. ಈಗ ಅದು ನಿಘಂಟಿನಲ್ಲಿ ಉಳಿದಿದೆ. ಜನರ ನಾಲಗೆಯ ಮೇಲೆ ಅಪರೂಪ. ಆದರೂ ಶಬ್ದಪ್ರಿಯರಾದ ಶ್ರೋತೃಗಳ ಮುಂದೆ ಅದರ ಜನ್ಮವೃತ್ತಾಂತವನ್ನು ಹೇಳಬೇಕೆನಿಸಿದೆ.

ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಮ್ಯಾಫೆಕಿಂಗ್ ಎಂಬ ಪುಟ್ಟ ಊರಿಗೆ ಬೋಯರರು 1899ರ ಅಕ್ಟೋಬರಿನಲ್ಲಿ ಮುತ್ತಿಗೆ ಹಾಕಿದರು. ಒಳಗಿದ್ದ ಬ್ರಿಟಿಷ್ ಪಡೆಯ ನಾಯಕರು ಬೇಡನ್ ಪೊವೆಲ್. ಮುಂದೆ ಸ್ಕೌಟ್ ಚಳವಳಿಯಿಂದ ನಮ್ಮ ಶಾಲೆಗಳಿಗೂ ಪರಿಚಿತರಾದವರು. 217 ದಿನಗಳ ಬಳಿಕ, 1900ರ ಮೇ 17ರಂದು, ಮುತ್ತಿಗೆ ತೆರವಾಯಿತು. ಮರುದಿನ ರಾತ್ರಿ ಸುದ್ದಿ ಮುಟ್ಟಿದಾಗ ಲಂಡನ್ನಿಗೆ ಲಂಡನ್ನೇ ಬೀದಿಗೆ ನುಗ್ಗಿತು. ಬಾವುಟ, ಹಾಡು, ಕೂಗಾಟ! ಇದಕ್ಕೊಂದು ಹೆಸರು ಬೇಕಲ್ಲ? ಊರಿನ ಹೆಸರಿನ ಕೊನೆಯ ‘ಇಂಗ್’ ಅವರ ಕಿವಿಗೆ ‘ಸಿಂಗಿಂಗ್’, ‘ಡಾನ್ಸಿಂಗ್’ಗಳ ಪ್ರತ್ಯಯದಂತೆಯೇ ಕೇಳಿಸಿತು. ಬಾಲ ಕಡಿದರು, ಹೊಸ ಧಾತು ಸಿದ್ಧವಾಯಿತು. ಆ ವರ್ಷವೇ ಅಚ್ಚಿಗೂ ಬಂತು. ಅದರಲ್ಲಿ ಗುಂಪಿನ ಉನ್ಮಾದವನ್ನು ಕುರಿತ ತುಸು ತಾತ್ಸಾರವೂ ಬೆರೆತಿದೆ. ಮದುವೆಯ ಸಡಗರಕ್ಕೋ ಹಬ್ಬದ ಉಲ್ಲಾಸಕ್ಕೋ ಒಪ್ಪುವ ಮಾತಲ್ಲ.

ವಿನೋದವಿರುವುದು ಆ ಬಾಲದಲ್ಲಿ. ಅದು ಇಂಗ್ಲಿಷಿನದೇ ಅಲ್ಲ. ಹೆಸರು ತ್ಸ್ವಾನಾ ಜನರ ನುಡಿಯದು. ಅಲ್ಲಿ ಅದು ಸ್ಥಳವನ್ನು ಸೂಚಿಸುವ ಪ್ರತ್ಯಯ, ನಮ್ಮ ಸಪ್ತಮಿಯ ‘ಅಲ್ಲಿ’ಯ ಹಾಗೆ. ಊರಿನ ಹೆಸರಿಗೆ ‘ಬಂಡೆಗಳಿರುವಲ್ಲಿ’ ಎಂದಷ್ಟೇ ಅರ್ಥ. ಒಬ್ಬರ ವಿಭಕ್ತಿ ಇನ್ನೊಬ್ಬರ ಕುಣಿತವಾದದ್ದು ಹೀಗೆ.

ವಿನೋದ ಇಷ್ಟಕ್ಕೇ ಮುಗಿಯುತ್ತದೆ. ಮುತ್ತಿಗೆಯೊಳಗಿದ್ದ ಬರೋಲಾಂಗ್ ಜನ ಬಂದೂಕು ಹಿಡಿದು ಊರನ್ನು ಕಾದರು. ಆದರೆ ಪಡಿಯ ಹಂಚಿಕೆಯಲ್ಲಿ ಬಿಳಿಯರಿಗೊಂದು ಲೆಕ್ಕ, ಆಫ್ರಿಕನ್ನರಿಗೊಂದು ಲೆಕ್ಕ. ಕುದುರೆಮಾಂಸದ ಗಂಜಿಯನ್ನೂ ಅವರಲ್ಲಿ ಅನೇಕರು ಕಾಸು ಕೊಟ್ಟು ಕೊಳ್ಳಬೇಕಾಯಿತು. ಹಸಿವಿನಿಂದ ಸತ್ತವರು ಬಹಳ. ಲಂಡನ್ನಿನ ಆ ರಾತ್ರಿಯ ಕೂಗಿನಲ್ಲಿ ಇವರ ಹೆಸರು ಎಲ್ಲಾದರೂ ಕೇಳಿಸಿತೇ ಎಂದು ನನಗೆ ಸಂಶಯ.

ಅಲ್ಲಿನ ನ್ಯಾಯಾಲಯದಲ್ಲಿ ಸಾಲ್ ಪ್ಲಾಟ್ಯೆ ಎಂಬ ತರುಣ ದುಭಾಷಿಯೊಬ್ಬರಿದ್ದರು. ತ್ಸ್ವಾನಾ ಅವರ ತಾಯಿನುಡಿ. ಮುಂದೆ ಷೇಕ್ಸ್‌ಪಿಯರನನ್ನು ಅದಕ್ಕೆ ಅನುವಾದಿಸಿದವರೂ ಅವರೇ. ಮುತ್ತಿಗೆಯ ದಿನಗಳಲ್ಲಿ ಅವರು ದಿನಚರಿ ಬರೆದಿಟ್ಟರು. ಷೆಲ್ಲುಗಳ ಸದ್ದಿನ ಜೊತೆಗೆ ಹಸಿದವರ ಸಂಗತಿಯೂ ಅದರಲ್ಲಿದೆ. ‘ಮ್ಯಾಫಿಕ್’ ಪದ ಹುಟ್ಟಿದ ವರ್ಷವೇ ಅಚ್ಚಾಯಿತು. ಈ ದಿನಚರಿ ಅಚ್ಚಾದದ್ದು 1973ರಲ್ಲಿ. ಊರಿಗೆ ಮಾಹಿಕೆಂಗ್ ಎಂಬ ಸ್ವಂತ ಉಚ್ಚಾರಣೆ ಅಧಿಕೃತವಾಗಿ ಮರಳಲು 2010ರವರೆಗೆ ಕಾಯಬೇಕಾಯಿತು.