ರಕ್ತ ಕೊಟ್ಟವರ ಮನೆಗೆ ಉತ್ತರ



ಮೂಲನಿವಾಸಿಗಳ ಆರೋಗ್ಯ ಮತ್ತು ವೈರಸ್ಸುಗಳ ವಂಶವೈವಿಧ್ಯ ಕುರಿತ ಈ ವಿಚಾರ ಸಂಕಿರಣಕ್ಕೆ ಆಶಯದ ಮಾತು ಆಡಬೇಕೆಂದು ಸಂಘಟಕರು ಹೇಳಿದಾಗ ನಾನು ಹೆಪಟೈಟಿಸ್ ಬಿ ವೈರಸ್ಸನ್ನು ಆರಿಸಿಕೊಂಡೆ. ಕಾಮಾಲೆ ಎಂದರೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದರೆ ಈ ವೈರಸ್ಸು ಕಾಮಾಲೆಯ ಸುಳಿವೇ ಕೊಡದೆ ಮೂವತ್ತು, ನಲವತ್ತು ವರ್ಷ ಯಕೃತ್ತಿನಲ್ಲಿ ಕುಳಿತಿದ್ದು, ಕೊನೆಗೆ ಸಿರೋಸಿಸ್ ಆಗಿಯೋ ಕ್ಯಾನ್ಸರ್ ಆಗಿಯೋ ಕಾಣಿಸಿಕೊಳ್ಳಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2022ರ ಹೊತ್ತಿಗೆ ಇದನ್ನು ಮೈಯಲ್ಲಿಟ್ಟುಕೊಂಡು ಬದುಕುತ್ತಿದ್ದವರು 25 ಕೋಟಿ 40 ಲಕ್ಷ ಜನ.

ಇದರ ಕಥೆ ಶುರುವಾಗುವುದೇ ಒಬ್ಬ ಮೂಲನಿವಾಸಿಯ ರಕ್ತದಿಂದ. 1960ರ ದಶಕದ ಆರಂಭದಲ್ಲಿ ಅಮೆರಿಕದ ಬರೂಕ್ ಬ್ಲೂಂಬರ್ಗ್ ಜನರ ಸೀರಂ ಒಬ್ಬರಿಂದೊಬ್ಬರಿಗೆ ಹೇಗೆ ಬೇರೆ ಎಂದು ಹುಡುಕುತ್ತಿದ್ದರು. ಅಗರ್‌ನ ತೆಳು ಪದರ, ನಡುವೆ ಒಂದು ಗುಳಿ, ಸುತ್ತ ಕೆಲವು ಗುಳಿ. ನಡುವಿನ ಗುಳಿಗೆ ಅನೇಕ ಸಲ ರಕ್ತ ಪಡೆದಿದ್ದ ಹಿಮೋಫಿಲಿಯಾ ರೋಗಿಯ ಸೀರಂ. ಸುತ್ತಲಿನವಕ್ಕೆ ಬೇರೆ ಬೇರೆ ನಾಡಿನ ಜನರದು. ಎರಡೂ ಅಗರ್‌ನಲ್ಲಿ ಮೆಲ್ಲಗೆ ಹರಡುತ್ತ ಬಂದು, ಒಂದನ್ನೊಂದು ಗುರುತಿಸಿದರೆ, ಸಂಧಿಸಿದ ಕಡೆ ಬಿಳಿಯ ಗೆರೆಯೊಂದು ಮೂಡುತ್ತದೆ. ಆ ಗೆರೆ ಮೂಡಿದ್ದು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ಸೀರಂ ಎದುರು. ಹಾಗಾಗಿ ಆ ಸೀರಂನಲ್ಲಿದ್ದ ವಸ್ತುವಿಗೆ ‘ಆಸ್ಟ್ರೇಲಿಯಾ ಆಂಟಿಜೆನ್’ ಎಂಬ ಹೆಸರು. 1965ರಲ್ಲಿ ಪ್ರಬಂಧ ಪ್ರಕಟವಾಯಿತು. ಆ ಆಂಟಿಜೆನ್ ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚ ಎಂದು ಖಚಿತವಾಗಲು ಮತ್ತೆ ಕೆಲವು ವರ್ಷ ಹಿಡಿಯಿತು. 1976ರಲ್ಲಿ ಬ್ಲೂಂಬರ್ಗ್ ಅವರಿಗೆ ನೊಬೆಲ್ ಬಂತು. 1981ರಲ್ಲಿ ಅಮೆರಿಕದಲ್ಲಿ ಲಸಿಕೆಗೆ ಪರವಾನಗಿ ಸಿಕ್ಕಿತು. ಲಸಿಕೆಯಿಂದ ಉಳಿದ ಜೀವಗಳನ್ನು ನೆನೆದರೆ ಅವರ ಬಗ್ಗೆ ನನಗೆ ಗೌರವವೇ. ನಮ್ಮ ಹಿತ್ತಲ ನೆಲನೆಲ್ಲಿ ಗಿಡದ ಸಾರ ಈ ವೈರಸ್ಸನ್ನು ತಡೆಯಬಹುದೇ ಎಂದೂ ಅವರ ತಂಡ ಪರೀಕ್ಷಿಸಿ 1987ರಲ್ಲಿ ಪ್ರಬಂಧ ಬರೆದಿತ್ತು.

ಇಷ್ಟಾದರೂ ಆ ಮೊದಲ ರಕ್ತ ಬಂದ ಜನರಲ್ಲಿ ಯಾವ ಬಗೆಯ ವೈರಸ್ಸಿದೆ ಎಂದು ಅದರ ಪೂರ್ಣ ಜೀನೋಮ್ ಓದಿ ಹೇಳಿದ್ದು 2001ರಲ್ಲಿ. ಮೂವತ್ತಾರು ವರ್ಷದ ಆ ಅಂತರವೇ ನನ್ನ ಇವತ್ತಿನ ಮಾತಿನ ವಿಷಯ.

ವೈವಿಧ್ಯ ಎಲ್ಲಿಂದ ಬರುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗಾಗಿ ಎರಡು ಮಾತಿನಲ್ಲಿ ಹೇಳುತ್ತೇನೆ. ಈ ವೈರಸ್ಸಿನ ಜೀನೋಮ್ ಸುಮಾರು 3,200 ಅಕ್ಷರಗಳ ಪುಟ್ಟ ವರ್ತುಲ. ಶ್ಲೇಷೆಯಲ್ಲಿ ಒಂದೇ ಪದ ಎರಡು ಅರ್ಥ ಕೊಡುವ ಹಾಗೆ, ಇಲ್ಲಿ ಒಂದೇ ಅಕ್ಷರಸಾಲು ಎರಡು ಪ್ರೋಟೀನುಗಳಿಗೆ ದುಡಿಯುತ್ತದೆ. ಪ್ರತಿ ತೆಗೆಯುವಾಗ ಆರ್‌ಎನ್‌ಎಯಿಂದ ಹಿಂದಕ್ಕೆ ಡಿಎನ್‌ಎ ಬರೆಯುವ ಕಿಣ್ವಕ್ಕೆ ತಪ್ಪು ತಿದ್ದುವ ಅಭ್ಯಾಸವಿಲ್ಲ. ತಪ್ಪುಗಳು ಕೂಡುತ್ತ ಹೋಗುತ್ತವೆ. ಜೀನೋಮಿನ ಶೇಕಡಾ 8ರಷ್ಟು ಬೇರೆಯಾದರೆ ಅದನ್ನು ಬೇರೆ ಜೀನೋಟೈಪ್ ಎಂದು ಎಣಿಸುತ್ತೇವೆ. ತಾಯಿಯಿಂದ ಮಗುವಿಗೆ, ಮಗುವಿನಿಂದ ಮಗುವಿಗೆ ಹರಡುವ ವೈರಸ್ಸು ಇದು. ಹುಟ್ಟುವಾಗಲೇ ತಗುಲಿದರೆ ನೂರಕ್ಕೆ ತೊಂಬತ್ತು ಮಕ್ಕಳಲ್ಲಿ ಜೀವನಪರ್ಯಂತ ಉಳಿಯುತ್ತದೆ. ಹೀಗೆ ತಲೆಮಾರುಗಳ ಕಾಲ ಒಂದೇ ಜನಸಮುದಾಯದಲ್ಲಿ ಸಾಗಿಬಂದಾಗ ಅದಕ್ಕೆ ಆ ಸಮುದಾಯದ್ದೇ ಗುರುತು ಬರುತ್ತದೆ.

ಆಸ್ಟ್ರೇಲಿಯಾದ ಗುರುತಿನ ಹೆಸರು ಸಿ4. ಉತ್ತರ ಪ್ರಾಂತ್ಯದ ಮೂಲನಿವಾಸಿಗಳ ಮಾದರಿಗಳನ್ನು ಡಾರ್ವಿನ್ ಮತ್ತು ಮೆಲ್ಬೋರ್ನ್‌ನ ತಂಡಗಳು ಓದಿ 2013–14ರಲ್ಲಿ ಪ್ರಕಟಿಸಿದವು. ಸಿಕ್ಕಿದ್ದೆಲ್ಲ ಸಿ4. ಅದು ಎರಡು ವಂಶ ಬೆರೆತು ಹುಟ್ಟಿದ ಮಿಶ್ರತಳಿ. ಜೀನೋಮಿನ ಹೆಚ್ಚಿನ ಭಾಗ ಸಿ ವಂಶದ್ದಾದರೂ ಹೊರಕವಚ ಆ ವಂಶದ್ದಲ್ಲ. ಕವಚದ ಬಗೆ ಎವೈಡಬ್ಲ್ಯು3. ನಾವು ಕೊಡುವ ಲಸಿಕೆ ತಯಾರಾಗುವುದು ಎ2 ಉಪಪ್ರಭೇದದ ಎಡಿಡಬ್ಲ್ಯು2 ಕವಚದಿಂದ. ಬೀಗವೂ ಕೀಲಿಯೂ ಪೂರ್ತಿ ಒಂದಕ್ಕೊಂದು ಮಾಡಿದ್ದಲ್ಲ. ಇದನ್ನು ಕೇಳಿ ಯಾರೂ ಲಸಿಕೆ ಕೆಲಸ ಮಾಡುವುದಿಲ್ಲ ಎಂದು ಮನೆಗೆ ಹೋಗಬೇಡಿ. ಉತ್ತರ ಪ್ರಾಂತ್ಯದಲ್ಲಿ 1990ರಿಂದ ಎಲ್ಲ ಹಸುಗೂಸುಗಳಿಗೂ ಲಸಿಕೆ ಬಂದ ಮೇಲೆ ಹುಟ್ಟಿದವರಲ್ಲಿ ದೀರ್ಘಕಾಲದ ಸೋಂಕು ತೀರಾ ಇಳಿದಿದೆ. ಆದರೂ ರಕ್ಷಣೆ ಎಷ್ಟು ಗಟ್ಟಿ ಎಂಬ ಪ್ರಶ್ನೆಯನ್ನು ಆ ಜನರ ವೈರಸ್ಸನ್ನು ಓದಿದ ಮೇಲೆ ಮಾತ್ರ ಕೇಳಲು ಸಾಧ್ಯವಾಯಿತು. ಯಕೃತ್ತಿನ ಕ್ಯಾನ್ಸರಿನೊಂದಿಗೆ ನಂಟುಳ್ಳ ರೂಪಾಂತರಗಳು ಸಿ4ನಲ್ಲಿ ಹೆಚ್ಚಾಗಿ ಕಾಣುತ್ತವೆ ಎಂಬುದೂ ಆಗಲೇ ತಿಳಿದದ್ದು.

ಸಿ4 ಆ ಖಂಡಕ್ಕೆ ಬಂದದ್ದು ಯಾವಾಗ? ಮೊದಲ ಮನುಷ್ಯರ ಜೊತೆಗೇ, 50,000 ವರ್ಷಗಳ ಹಿಂದೆಯೇ ಬಂತು ಎಂದು ಒಂದು ಗುಂಪಿನ ವಾದ. ಆದರೆ 2021ರಲ್ಲಿ ಹಳೆಯ ಹಲ್ಲು, ಮೂಳೆಗಳಿಂದ ತೆಗೆದ 137 ಜೀನೋಮುಗಳ ಅಧ್ಯಯನ ಬಂತು. ಇಂದಿರುವ ಎಲ್ಲ ಹೆಪಟೈಟಿಸ್ ಬಿ ವಂಶಗಳ ಸಮಾನ ಪೂರ್ವಜ ಇದ್ದದ್ದು 20,000ದಿಂದ 12,000 ವರ್ಷಗಳ ನಡುವೆ ಎಂದು ಅದು ಹೇಳುತ್ತದೆ. ಎರಡೂ ಒಟ್ಟಿಗೆ ನಿಜವಾಗಲಾರವು. ಮೂಳೆಗೆ ಕಾಲ ಕಟ್ಟಬಹುದಾದ್ದರಿಂದ ನನ್ನ ಒಲವು ಎರಡನೆಯದರ ಕಡೆಗೆ. ಆದರೆ ಆ 137 ಜೀನೋಮುಗಳು ಯುರೇಷ್ಯಾ ಮತ್ತು ಅಮೆರಿಕ ಖಂಡಗಳ ಜನರವು. ಆಸ್ಟ್ರೇಲಿಯಾದ ಒಂದು ಹಲ್ಲೂ ಅದರಲ್ಲಿಲ್ಲ. ಅಲ್ಲಿನ ಹಿರಿಯರ ಅಸ್ಥಿಯನ್ನು ಮುಟ್ಟಬೇಕೆ, ಬೇಡವೆ ಎಂಬ ತೀರ್ಮಾನ ಅವರ ಮಕ್ಕಳದು. ನಮ್ಮ ಕುತೂಹಲ ಕಾಯಬೇಕು.

ನಮ್ಮ ದೇಶದಲ್ಲೂ ಇಂಥದೇ ಚಿತ್ರವಿದೆ. ಅಂಡಮಾನ್ ನಿಕೋಬಾರ್‌ನಲ್ಲಿ ಪೋರ್ಟ್ ಬ್ಲೇರಿನ ಸಂಶೋಧಕರು ಓದಿದಾಗ ನಿಕೋಬಾರಿಗಳಲ್ಲಿ ಡಿ, ಜಾರವಾಗಳಲ್ಲಿ ಸಿ ಜೀನೋಟೈಪ್ ಸಿಕ್ಕಿತು. ಒಂದೇ ದ್ವೀಪಸಮೂಹ, ಎರಡು ಬೇರೆ ಪಯಣ.

ಈ ಗುರುತು ಯಾರ ಸೊತ್ತು ಎಂಬ ಜಗಳ ಹಳೆಯದು. ಪಪುವಾ ನ್ಯೂಗಿನಿಯ ಹಗಾಹಾಯ್ ಜನ ಕೆಲವೇ ನೂರು. ಅವರಲ್ಲಿದ್ದ ಎಚ್‌ಟಿಎಲ್‌ವಿ-1 ಎಂಬ ವೈರಸ್ಸಿನ ವಿಶಿಷ್ಟ ರೂಪ ಸೇರಿದ, ಅವರಲ್ಲೊಬ್ಬನ ರಕ್ತದಿಂದ ಬೆಳೆಸಿದ ಕೋಶಗಳಿಗೆ ಅಮೆರಿಕದ ಸರ್ಕಾರ 1995ರಲ್ಲಿ ಪೇಟೆಂಟ್ ಪಡೆಯಿತು. ಜಗತ್ತಿನ ತುಂಬ ವಿರೋಧ ಎದ್ದು, ಮರುವರ್ಷ ಅದನ್ನು ಕೈಬಿಟ್ಟಿತು.

ಎಚ್.ಡಿ. ಕೋಟೆ ಕಡೆಯ ಜೇನುಕುರುಬರ ಹಾಡಿಯೊಂದರಲ್ಲಿ ನಾನು ರಕ್ತ ತೆಗೆಯಲು ಕುಳಿತಿದ್ದೆ. ಒಬ್ಬ ಅಜ್ಜಿ ತೋಳು ಚಾಚಿದವರು, ಸೂಜಿ ಹತ್ತಿರ ಬಂದಾಗ ಹಿಂದಕ್ಕೆಳೆದುಕೊಂಡು ಕೇಳಿದರು: “ಹೋದ್ಸಲ ಬಂದೋರು ತಗೊಂಡ್ರಲ್ಲ ಸ್ವಾಮಿ, ಅದು ಏನಾಯ್ತು?” ಹೋದ ಸಲ ಬಂದವರು ನಾವಲ್ಲ. ಹಾಗೆಂದು ಹೇಳಿದೆ. ಅಜ್ಜಿ ತಲೆಯಾಡಿಸಿ ತೋಳು ಮತ್ತೆ ಚಾಚಿದರು. ಆ ತೋಳು ಇವತ್ತಿಗೂ ನನ್ನ ಕಣ್ಣ ಮುಂದಿದೆ; ನನ್ನ ಉತ್ತರ ಉತ್ತರವೇ ಆಗಿರಲಿಲ್ಲ.

ರಕ್ತ ಕೊಟ್ಟವರಿಗೆ ಉತ್ತರ ಹಿಂದಿರುಗಿಸುವ ಕೆಲಸ ಆಗದ್ದೇನಲ್ಲ. ಡಾರ್ವಿನ್ನಿನ ಮೆನ್ಜೀಸ್ ಸಂಸ್ಥೆ ಈ ರೋಗದ ಕಥೆಯನ್ನು ಅಲ್ಲಿನ ಯೋಲ್ಙು ಭಾಷೆಯಲ್ಲಿ, ಚಿತ್ರ ಮತ್ತು ಧ್ವನಿಯ ಜೊತೆ, ಮೊಬೈಲ್ ಆ್ಯಪ್ ಆಗಿ 2014ರಲ್ಲಿ ಹೊರತಂದಿತು. ಇಂಗ್ಲಿಷಿನಲ್ಲಿ ಎಷ್ಟು ಸಲ ಹೇಳಿದರೂ ಮುಟ್ಟದ ಮಾತು ಮನೆಮಾತಿನಲ್ಲಿ ಮುಟ್ಟಿತು. ಆಮೇಲೆ ಬೇರೆ ಮೂಲನಿವಾಸಿ ಭಾಷೆಗಳಲ್ಲೂ ಬಂತು.

ನಮ್ಮ ರಾಜ್ಯದಲ್ಲಿ ಕುಡಗೋಲು ಕಣ ರಕ್ತಹೀನತೆಯ ತಪಾಸಣೆಗೆಂದು ಹಾಡಿ, ಪೋಡುಗಳಿಂದ ರಕ್ತ ಬರುತ್ತಿದೆ. ಆ ಕೊಳವೆಯಲ್ಲಿ ಉಳಿದ ಹನಿಯಲ್ಲಿ ವೈರಸ್ಸನ್ನೂ ಹುಡುಕೋಣ ಎಂಬ ಆಸೆ ನಮ್ಮಲ್ಲಿ ಹಲವರಿಗೆ ಬಂದೀತು. ದಯವಿಟ್ಟು ಬೇಡ. ಮತ್ತೆ ಹೋಗಿ, ಅವರ ಮಾತಿನಲ್ಲಿ ಹೇಳಿ, ಒಪ್ಪಿಗೆ ಕೇಳಿ. ಇಲ್ಲ ಎಂದರೆ ಬರಿಗೈಯಲ್ಲಿ ಬನ್ನಿ.

ಈ ಎರಡು ದಿನ ಪ್ರಬಂಧ ಮಂಡಿಸುವ ಪ್ರತಿಯೊಬ್ಬರಲ್ಲೂ ನನ್ನದೊಂದು ಕೋರಿಕೆ. ನಿಮ್ಮ ಮೊದಲ ಸ್ಲೈಡಿನಲ್ಲಿ, ಮಾದರಿಗಳ ಸಂಖ್ಯೆಯ ಪಕ್ಕದಲ್ಲೇ, ಫಲಿತಾಂಶವನ್ನು ರಕ್ತ ಕೊಟ್ಟವರಿಗೆ ಯಾವ ತಾರೀಖಿನಂದು, ಯಾವ ಭಾಷೆಯಲ್ಲಿ ತಿಳಿಸಿದಿರಿ ಎಂದು ಬರೆಯಿರಿ. ಇನ್ನೂ ತಿಳಿಸಿಲ್ಲವಾದರೆ, ಇಲ್ಲಿಂದ ಹೊರಡುವ ಮೊದಲು ತಾರೀಖು ಗೊತ್ತು ಮಾಡಿಕೊಳ್ಳಿ.